ವಾಶಿ ಗಾಡಿಯ ಮಾತು

ಸ್ವರ್ಣಲತಾ ಸೋಮವಾರ ಗಾಡಿಗೆ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಬುಧವಾರ ನಾನು ಠಾಣೆ ಸ್ಟೇಷನ್ನಿನಲ್ಲಿ ಎರಡು ವಾಶಿ ಗಾಡಿ ಬಿಟ್ಟು ಅವಳಿಗಾಗಿ ಕಾದು, ಆಫೀಸಿನಲ್ಲಿ ಲೇಟ್ ಮಾರ್ಕ್ ಹಾಕಿಸಿಕೊಂಡೆ. ಫೋನ್ ಮಾಡಿದರೆ ಸ್ವಿಚ್ ಆಫ್. ವಾಟ್ಸಾಪಿನಲ್ಲಿ ಒಂದೇ ಟಿಕ್ಕು. ಇನ್ನೇನು ರಿಟೈರ್ ಆಗಲಿರುವ ಹೆಂಗಸು ಲೇಟ್ ಮಾರ್ಕ್ ಹಾಕಿಸಿಕೊಳ್ಳುವುದು ಮರ್ಯಾದೆಯ ಮಾತಲ್ಲ, ಆದರೆ ನನಗೆ ಅದರ ಚಿಂತೆ ಇರಲಿಲ್ಲ. ನನ್ನ ಬ್ಯಾಗಿನಲ್ಲಿ ರೈಲ್ವೆಯ ಮಂಜೂರಾತಿ ಪತ್ರ ಕೂತಿತ್ತು. ನಮ್ಮ ಪಕ್ಕದ ಕಲ್ಯಾಣ ಜಂಕ್ಷನ್ನಿನಲ್ಲಿ ಹತ್ತಿ, ಇಡೀ ಭಾರತ ಸುತ್ತಿ, ಮತ್ತೆ ಕಲ್ಯಾಣದಲ್ಲೇ ಬಂದು ಇಳಿಯುವ ಸರ್ಕ್ಯುಲರ್ ಟಿಕೆಟ್ಟಿನ ಮಂಜೂರಾತಿ ಅದು. ಇಬ್ಬರ ಹೆಸರಿನಲ್ಲಿತ್ತು, ನನ್ನದು ಮತ್ತು ಅವಳದು. ಟಿಕೆಟ್ ತೆಗೆಯಬೇಕು, ಬರ್ತ್ ಹಿಡಿಯಬೇಕು, ಅವಳೇ ಪತ್ತೆ ಇಲ್ಲ.

ಅವಳಿಲ್ಲದೆ ನಾನೊಬ್ಬಳೇ ಹೋಗಬಹುದಲ್ಲ ಎಂದು ಯಾರಾದರೂ ಕೇಳಿದರೆ ಅವರಿಗೆ ನಾನು ಗೊತ್ತಿಲ್ಲ ಎಂದರ್ಥ. ನನ್ನದು ಬಾಯಿ ಮಾತ್ರ ಜೋರು. ವಿಜಯಪುರದಿಂದ ಡೊಂಬಿವಲಿಗೆ ಸೊಸೆಯಾಗಿ ಬಂದವಳು ನಾನು, ಆಗಿನಿಂದ ದಿನಾ ಲೋಕಲ್ ಗಾಡಿಯಲ್ಲಿ ಜೋತಾಡಿದ್ದೇನೆ, ಆದರೆ ಒಬ್ಬಳೇ ಒಂದು ರಾತ್ರಿ ರೈಲಿನಲ್ಲಿ ಮಲಗಿದವಳಲ್ಲ. ನನ್ನ ಗಂಡ ವಿಜಯಕುಮಾರ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಲೆಕ್ಕ ಬರೆಯುವವರು, ರೈಲೆಂದರೆ ಮೂಗು ಮುರಿಯುತ್ತಾರೆ. ‘ನನ್ನ ಮಾತ್ರ ಕರೀಬ್ಯಾಡ’ ಎಂದು ಮೊದಲೇ ಕೈ ಮುಗಿದಿದ್ದರು. ‘ಸ್ವರ್ಣಲತಾ ಬಂದ್ರ ಹೋಗು, ಸಂತೋಷ. ನೀ ಒಬ್ಬಾಕಿನ ಹೊಂಟ್ರ ನಾ ಬಿಡಂಗಿಲ್ಲ. ಇಗತ್‌ಪುರಿ ದಾಟೂದ್ರಾಗ, ಎರಡ ತಾಸಿನ್ಯಾಗ, ಫೋನ್ ಮಾಡಿ ಅಳ್ತಿ ನೀ.’ ಅವರ ಮಾತಿಗೆ ನನಗೆ ಸಿಟ್ಟು ಬಂದಿತ್ತು. ಆದರೆ ಅಳುತ್ತೇನೆ ಅನ್ನುವುದು ಖರೇ ಇತ್ತು.

ಹೆದರಿಕೆ ಇಲ್ಲದವಳು ಸ್ವರ್ಣಲತಾ. ಮೈಸೂರಿನವಳು, ಡೊಂಬಿವಲಿಯಲ್ಲೇ ಮನೆ, ಕೋಪರಖೈರಣೆಯ ಒಂದು ವಿಮಾ ಏಜೆಂಟರ ಆಫೀಸಿನಲ್ಲಿ ಕೆಲಸ. ಡೊಂಬಿವಲಿಯಿಂದ ಠಾಣೆಯ ತನಕ ನಮ್ಮದು ಬರೀ ಮೊಣಕೈ, ಬೆವರು, ಬೈಗುಳ. ಠಾಣೆಯಲ್ಲಿ ಇಳಿದು ವಾಶಿ ಗಾಡಿಗೆ ನುಗ್ಗಿ, ಲೇಡೀಸ್ ಡಬ್ಬಿಯಲ್ಲಿ, ಅಂದರೆ ಹೆಂಗಸರ ಬೋಗಿಯಲ್ಲಿ, ಎದುರುಬದುರು ಕೂತ ಮೇಲೆಯೇ ನಾವು ಮನುಷ್ಯರಾಗುವುದು. ಅಲ್ಲೇ ನಮ್ಮ ಪ್ರವಾಸ ಹುಟ್ಟಿದ್ದು. ಗಾಡಿ ಐರೋಲಿ ಬಿಡುವಷ್ಟರಲ್ಲಿ ನಾವು ಅಮೃತಸರ ಮುಟ್ಟಿರುತ್ತಿದ್ದೆವು. ರಬಾಳೆಗೆ ಕಾಶಿ, ಘಣಸೋಲಿಗೆ ಹೌರಾ, ಅವಳು ಕೋಪರಖೈರಣೆಯಲ್ಲಿ ಇಳಿಯುವ ಮುಂಚೆ ಪುರಿಯ ಸಮುದ್ರ. ದಕ್ಷಿಣ ಭಾರತವನ್ನು ಸಂಜೆಯ ಗಾಡಿಗೆ ಇಟ್ಟುಕೊಳ್ಳುತ್ತಿದ್ದೆವು.

ಸ್ಟೇಷನ್ನಿಗೊಂದರಂತೆ ನಾನು ಹೆದರಿಕೆ ತೆಗೆಯುತ್ತಿದ್ದೆ. ಮೇಲಿನ ಬರ್ತ್ ಬಂದರೆ ನನ್ನ ಮೊಣಕಾಲು ಏನು ಮಾಡಲಿ? ರಾತ್ರಿ ಬ್ಯಾಗು ಹಾರಿಸಿದರೆ? ಗಾಡಿ ಆರು ತಾಸು ಲೇಟಾಗಿ ಮುಂದಿನ ಗಾಡಿ ತಪ್ಪಿದರೆ? ಅವಳು ಟಿಫಿನ್ ಡಬ್ಬಿ ತೆಗೆದು ನನ್ನ ಕೈಯಲ್ಲಿ ಒಂದು ಕೋಡುಬಳೆ ಇಡುತ್ತಿದ್ದಳು. ‘ತಪ್ಪಿದ್ರೆ ಇನ್ನೊಂದು ಗಾಡಿ ಬರತ್ತೆ ಕಣೇ. ರೈಲ್ವೆ ಏನು ನಿಮ್ಮಪ್ಪಂದಾ, ನಿನಗೋಸ್ಕರ ಒಂದೇ ಗಾಡಿ ಬಿಡಕ್ಕೆ?’ ಈ ಟಿಕೆಟ್ಟಿನಲ್ಲಿ ಎಂಟು ಕಡೆ ಮಾತ್ರ ಇಳಿಯಲು ಬಿಡುತ್ತಾರೆ ಎಂದು ತಿಳಿದಾಗ ಆ ಎಂಟು ಊರು ಯಾವುವು ಎಂದು ಮಳೆಗಾಲ ಪೂರ್ತಿ ಜಗಳಾಡಿದೆವು. ಅವಳು ವಿಜಯಪುರ ಸೇರಿಸೋಣ, ಗೋಲಗುಮ್ಮಟ ನೋಡಬೇಕು ಅಂದಳು. ನಾನು ಸುತರಾಂ ಒಪ್ಪಲಿಲ್ಲ. ದೇಶ ಸುತ್ತಲು ಹೊರಟು ನಾದಿನಿಯ ಮನೆಯಲ್ಲಿ ರೊಟ್ಟಿ ಬಡಿಯುತ್ತ ಕೂಡಬೇಕೇನು?

ಇಷ್ಟು ವರ್ಷದ ಸ್ನೇಹ. ಅವಳ ಮನೆ ಎಲ್ಲಿ ಎಂದು ಮಾತ್ರ ನನಗೆ ಗೊತ್ತಿರಲಿಲ್ಲ.

ನಗಬೇಡಿ. ಲೇಡೀಸ್ ಡಬ್ಬಿಯಲ್ಲಿ ಒಂದು ಕಟ್ಟಳೆ ಇದೆ. ದಸರೆಗೆ ಡಬ್ಬಿಯಲ್ಲೇ ಪೂಜೆ, ಸಂಕ್ರಾಂತಿಗೆ ಡಬ್ಬಿಯಲ್ಲೇ ಅರಿಶಿನ ಕುಂಕುಮ, ಬಸುರಿಗೆ ಡಬ್ಬಿಯಲ್ಲೇ ಬಳೆ. ಆದರೆ ಒಬ್ಬರ ಮನೆಗೆ ಒಬ್ಬರು ಹೋಗುವುದಿಲ್ಲ, ಬಿಲ್ಡಿಂಗಿನ ಹೆಸರು, ಆಫೀಸಿನ ಹೆಸರು ಕೇಳುವುದಿಲ್ಲ, ಅಡ್ಡಹೆಸರೂ ಬೇಕಾಗುವುದಿಲ್ಲ. ಮನೆ ಗೊತ್ತಾಯಿತೆಂದರೆ ಮನೆಯವರೂ ಗೊತ್ತಾಗುತ್ತಾರೆ, ಆಮೇಲೆ ಅತ್ತೆಯ ಮೇಲಿನ ಸಿಟ್ಟು, ಸೊಸೆಯ ಮೇಲಿನ ಹೊಟ್ಟೆಯುರಿ ಯಾರ ಹತ್ತಿರ ಹೇಳಬೇಕು? ಗಾಡಿಯ ಮಾತು ಗಾಡಿಯಲ್ಲೇ. ಹಾಗಾಗಿ ಸ್ವರ್ಣಲತಾಳ ಹೊಟ್ಟೆಯೊಳಗಿನ ಮಾತೆಲ್ಲ ನನಗೆ ಗೊತ್ತು, ಪಿನ್‌ಕೋಡ್ ಗೊತ್ತಿಲ್ಲ.

ಶುಕ್ರವಾರದ ಹೊತ್ತಿಗೆ ನನಗೆ ಅನ್ನ ಸೇರದಂತಾಯಿತು. ಗಾಡಿಯಿಂದ ಬಿದ್ದಳೋ, ಎದೆ ಹಿಡಿದುಕೊಂಡಿತೋ, ಯಾವ ಆಸ್ಪತ್ರೆಯಲ್ಲಿ ಹೆಸರಿಲ್ಲದೆ ಮಲಗಿದ್ದಾಳೋ. ಮೊಬೈಲಿನಲ್ಲಿ ರೈಲಿನ ಸುದ್ದಿ ಕಂಡರೆ ಸಾಕು, ಸತ್ತವರ ಹೆಸರು ಹುಡುಕುತ್ತಿದ್ದೆ. ಪೊಲೀಸರಿಗೆ ಹೇಳೋಣ ಎಂದು ಗಂಡನಿಗೆ ಗಂಟುಬಿದ್ದೆ.

‘ಅಕಿ ಪೂರ್ತಿ ಹೆಸರೇನು?’

‘ಸ್ವರ್ಣಲತಾ. ಅರ್ಜಿಯಾಗೂ ಅಷ್ಟ ಬರದೀನಿ.’

‘ಅಡ್ಡಹೆಸರು? ಗಂಡನ ಹೆಸರು?’

‘ಗಂಡ ತೀರಿಕೊಂಡಾರ. ಎಡಗಿವಿ ಕೇಳ್ತಿರಲಿಲ್ಲ ಅವರಿಗೆ.’

‘ಭೇಷ್. ಎಡಗಿವಿ ಕೇಳದ ಗಂಡನ ಹೆಣ್ತಿ ಕಳದಾಳ ಅಂತ ಬರಸೋಣ?’ ಎಂದು ನಕ್ಕರು. ನಾನು ಅಳತೊಡಗಿದ್ದು ನೋಡಿ ಅವರ ನಗೆ ನಿಂತಿತು. ‘ಹುಚ್ಚಿ, ಅಳಬ್ಯಾಡ. ಅಕಿ ಮನಿ ಬಗ್ಗೆ ಏನೇನು ಹೇಳ್ಯಾಳ, ನೆನಪ ಮಾಡ್ಕೋ. ಹುಡಕೋಣಂತ.’

ನೆನಪು ಮಾಡಿಕೊಂಡೆ. ಹೇಳಿದ್ದೆಲ್ಲ ಬರೀ ಗೋಳು. ಕೆಳಗಡೆ ಹಿಟ್ಟಿನ ಗಿರಣಿ, ಅದರ ಸದ್ದಿಗೆ ಮೊಮ್ಮಗ ಬೆಚ್ಚಿ ಏಳುತ್ತಾನೆ. ಲಿಫ್ಟು ಗಣಪತಿ ಹಬ್ಬದಿಂದ ಕೆಟ್ಟಿದೆ. ಬಾಲ್ಕನಿಯ ದೊಡ್ಡಪತ್ರೆ ಕುಂಡದ ನೀರು ಕೆಳಗಿನ ಮನೆಯವರ ಬಟ್ಟೆಯ ಮೇಲೆ ಸೋರಿ ದಿನಾ ಜಗಳ. ಎದುರಿಗೆ ಶಾಲೆ. ಭಾನುವಾರ ಬೆಳಿಗ್ಗೆ ನಾನೊಬ್ಬಳೇ ಹೊರಟೆ, ಗಂಡ ಬಂದರೆ ಚೇಷ್ಟೆ ಜಾಸ್ತಿ ಎಂದು ಬೇಡ ಅಂದೆ. ಡೊಂಬಿವಲಿ ಪೂರ್ವದಲ್ಲಿ ಶಾಲೆಗಳಿಗೇನು ಬರ, ಗಿರಣಿಗಳಿಗೇನು ಬರ? ಒಂದು ಗಿರಣಿ, ಎರಡು ಗಿರಣಿ, ಮೂರನೆಯ ಗಿರಣಿಯ ಎದುರು ನಿಂತು ತಲೆ ಎತ್ತಿ ನೋಡಿದರೆ, ಮೇಲೆ ಬಾಲ್ಕನಿಯಲ್ಲಿ ಹಸಿರು ಹಸಿರಾಗಿ ದೊಡ್ಡಪತ್ರೆ, ಅದರ ಕೆಳಗಿನ ಹಗ್ಗದಲ್ಲಿ ಕಲೆಬಿದ್ದ ಬೆಡ್‌ಶೀಟು.

‘ಭಾವೂ, ಕನ್ನಡವಾಲೀ ಕಾಕೂ ಇಥೇ ರಾಹತಾತ್ ಕಾ?’ ಕನ್ನಡ ಮಾತಾಡುವ ಅಮ್ಮ ಇಲ್ಲೇ ಇರುವುದಾ ಎಂದು ಗಿರಣಿಯವನನ್ನು ಕೇಳಿದೆ.

‘ತಿಸರಾ ಮಾಳಾ,’ ಅಂದ. ಮೂರನೆಯ ಮಹಡಿ.

‘ಬರ್ಯಾ ಆಹೇತ್ ನಾ ತ್ಯಾ?’ ಚೆನ್ನಾಗಿದ್ದಾರಾ ಅಂತ ಕೇಳಿದೆ.

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. ಬೆಳಿಗ್ಗೆ ತಾನೇ ಬಂದು ಜೋಳ ಬೀಸಿಸಿಕೊಂಡು ಹೋದರು, ಅಂದ.

ಜೋಳ! ಮೈಸೂರಿನವಳಿಗೆ ಜೋಳದ ರೊಟ್ಟಿ ಕಲಿಸಿದವಳು ನಾನು. ನಾನು ಇಲ್ಲಿ ಅನ್ನ ನೀರು ಬಿಟ್ಟು ಹೆಣದ ಸುದ್ದಿ ಹುಡುಕುತ್ತಿದ್ದರೆ, ಇವಳು ಹಿಟ್ಟು ಬೀಸಿಸುತ್ತಿದ್ದಾಳೆ! ಹೆದರಿಕೆಯೆಲ್ಲ ಒಂದೇ ಸಲ ಸಿಟ್ಟಾಗಿ ತಿರುಗಿತು. ಮೊಣಕಾಲಿನ ನೋವೂ ಗೊತ್ತಾಗದಂತೆ ಮೂರು ಮಹಡಿ ಹತ್ತಿ ಬೆಲ್ ಒತ್ತಿದೆ.

ಬಾಗಿಲು ತೆರೆದವಳು ಟೀಶರ್ಟು ಹಾಕಿದ, ಕಣ್ಣ ಕೆಳಗೆ ಕಪ್ಪು ಬಿದ್ದ ಹುಡುಗಿ. ಕೈಯಲ್ಲಿ ಹಾಲಿನ ಬಾಟಲಿ. ಸ್ವರ್ಣಲತಾಳ ಸೊಸೆ, ಬೆಂಗಳೂರಿನವಳು, ಐರೋಲಿಯ ಐಟಿ ಕಂಪನಿಯಲ್ಲಿ ಕೆಲಸ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

‘ಹರ್ಷಿತಾ ಅಲ್ಲ ನೀ? ಸ್ವರ್ಣಲತಾ ಎಲ್ಲಿ?’ ಎಂದು ಚಪ್ಪಲಿ ಬಿಟ್ಟು ಒಳಗೇ ನುಗ್ಗಿದೆ.

ಸ್ವರ್ಣಲತಾ ನೆಲದ ಮೇಲೆ ಚಾಪೆ ಹಾಸಿಕೊಂಡು ಮೊಮ್ಮಗನಿಗೆ ಎಣ್ಣೆ ತಿಕ್ಕುತ್ತಿದ್ದಳು. ನೈಟಿ, ಮೇಲೊಂದು ಟವೆಲ್ಲು. ನನ್ನನ್ನು ನೋಡಿದ್ದೇ ಎಣ್ಣೆಯ ಕೈಯಲ್ಲೇ ಟವೆಲ್ಲು ಸರಿಮಾಡಿಕೊಂಡಳು. ಸೋಫಾದ ಮೇಲೆ ಲ್ಯಾಪ್‌ಟಾಪ್ ಹಿಡಿದು ಕೂತಿದ್ದ ಮಗ ಅಭಯ್ ಎದ್ದು ನಿಂತ.

‘ಕೌನ್ ಹೈ ಮಮ್ಮಿ?’

‘ಆಫೀಸಿನ ಕಡೆಯವರು,’ ಅಂದಳು ಸ್ವರ್ಣಲತಾ.

ಆಫೀಸಿನ ಕಡೆಯವರು! ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ‘ನಾ ಶೈಲಶ್ರೀ, ಮಗನ. ನಿಮ್ಮವ್ವನ ಗಾಡಿ ಗೆಳತಿ. ಇಬ್ಬರೂ ಕೂಡೇ ದೇಶ ಸುತ್ತಲಿಕ್ಕೆ ಹೊಂಟೇವಿ, ಮಂಜೂರಿ ಬಂದೈತಿ. ಒಂದು ವಾರ ಆತು, ಇಕಿ ಫೋನ್ ಇಲ್ಲ, ಗಾಡಿಗೆ ಬರೂದಿಲ್ಲ. ಏನಾಗೇತಿ?’

‘ಆಯಾ ಬಿಟ್ಟೋದ್ಳು ಆಂಟಿ, ಸೋ ಅತ್ತೆ ಲೀವ್ ಹಾಕಿದ್ದಾರೆ,’ ಅಂದಳು ಹರ್ಷಿತಾ. ‘ಅತ್ತೆ ಫೋನು ಕೆಟ್ಟೋಗಿದೆ. ಯಾವ ಟ್ರಿಪ್ಪು?’

‘ಮಮ್ಮಿ, ಕೌನ್ಸಾ ಟ್ರಿಪ್? ಇಂಡಿಯಾ ಟೂರ್? ಅಕೇಲೇ?’ ಅಭಯ್ ಮುಖದಲ್ಲಿ ಸಿಟ್ಟಿಗಿಂತ ಗಾಬರಿಯೇ ಹೆಚ್ಚಿತ್ತು. ‘ನಮಗೆ ಹೇಳಲೇ ಇಲ್ಲ ನೀನು.’

ಎಲ್ಲರೂ ಅವಳನ್ನೇ ನೋಡಿದೆವು. ಘಣಸೋಲಿಯ ಹತ್ತಿರ ಕೋಡುಬಳೆ ಮುರಿದು ರೈಲ್ವೆ ನಿಮ್ಮಪ್ಪಂದಾ ಎಂದು ನನ್ನನ್ನು ಬೈಯುತ್ತಿದ್ದ ಹೆಂಗಸು ಈಗ ಮಗುವಿನ ಕಾಲಿನ ಎಣ್ಣೆಯನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು. ತಲೆ ಎತ್ತಲಿಲ್ಲ.

‘ಅದೆಲ್ಲಾ ಸುಮ್ನೆ ಕಣೋ,’ ಅಂದಳು. ‘ಗಾಡೀಲಿ ಟೈಂಪಾಸ್‌ಗೆ ಮಾತಾಡ್ತಾ ಇದ್ವಿ. ಇವರು ನಿಜ ಅಂದ್ಕೊಂಡ್ಬಿಟ್ಟಿದ್ದಾರೆ.’

ನನಗೆ ಆಗ ಏನಾಯಿತೋ ಈಗಲೂ ಸರಿಯಾಗಿ ಹೇಳಲಾರೆ. ವಾರಗಟ್ಟಲೆ ಅರ್ಜಿ ಹಿಡಿದು ಅಲೆದವಳು ನಾನು, ರಾತ್ರಿಯೆಲ್ಲ ನಿದ್ದೆಗೆಟ್ಟವಳು ನಾನು, ಇವಳಿಗೆ ಅದು ಟೈಂಪಾಸ್. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ನಮ್ಮವ್ವ ನನಗೆ ಎಷ್ಟು ಸಲ ಹೇಳಿದ್ದಳೋ. ಬಿಟ್ಟೆ.

‘ಟೈಂಪಾಸ? ಅವತ್ತು ತುರ್ಭೆ ತನಕಾ ಅಳಕೋತ ಬಂದಿದ್ದಿ, ಇಳಿಯೂ ಸ್ಟೇಷನ್ ಬಿಟ್ಟು. ಅದೂ ಟೈಂಪಾಸ? ಈ ಮನ್ಯಾಗ ನಾನು ಪುಕ್ಕಟೆ ಆಯಾ, ಶೈಲಾ, ಮಗನಿಗೆ ನಾನು ಕಣ್ಣಿಗೇ ಬೀಳೂದಿಲ್ಲ, ಸೊಸಿ ಮಗೂನ ನನ್ನ ಮಡಿಲಿಗೆ ಒಗದು ಬಾಗಿಲಾ ಹಾಕ್ಕೋತಾಳ, ನಾನೂ ಸಾಯೂ ಮೊದಲ ಒಮ್ಮೆ ಕಿಟಕಿ ಬಾಜೂಕ ಕೂಡಬೇಕು ಅಂದಿದ್ದಿಲ್ಲ? ಹೇಳು, ಅಂದಿದ್ದಿಲ್ಲ?’

ಗಿರಣಿಯ ಸದ್ದು ಕೆಳಗಿನಿಂದ ಕೇಳಿಸುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಯ್ಯೋ ಶಿವನೇ, ಗಾಡಿಯ ಮಾತನ್ನು ನಾನು ಮನೆಯ ನಡುವೆ ತಂದು ಸುರಿದಿದ್ದೆ.

ಹರ್ಷಿತಾಳ ಕಣ್ಣು ತುಂಬಿದವು. ‘ಆಯಾ ಅಂತ ಅಂದ್ರಾ ಅತ್ತೆ? ಹೊರಗಡೆಯವರ ಹತ್ರ?’ ಹಾಲಿನ ಬಾಟಲಿ ಕೆಳಗಿಟ್ಟಳು. ‘ಕ್ರೆಶ್‌ಗೆ ಹಾಕ್ತೀನಿ ಅಂತ ನಾನು ಕೇಳ್ಲಿಲ್ವಾ? ಬೇಡ, ಹಗಲು ಆಯಾ ಇರ್ತಾಳೆ, ಸಂಜೆ ನಾನು ನೋಡ್ಕೋತೀನಿ ಅಂತ ನೀವೇ ಅಂದ್ರಿ. ಬಾಗಿಲು ಹಾಕ್ಕೊಳ್ಳೋದು ಮೀಟಿಂಗ್ ಇರತ್ತೆ ಅಂತ. ನಾನೇನು ಒಳಗೆ ಹೋಗಿ ನಿದ್ದೆ ಮಾಡ್ತೀನಾ?’

ಅಭಯ್ ಸೋಫಾದ ಅಂಚಿನ ಮೇಲೆ ಕೂತುಬಿಟ್ಟ. ‘ಮಮ್ಮಿ, ಸಚ್ಚೀ?’ ನಿಜವಾ ಅಂತ ಮಾತ್ರ ಕೇಳಿದ, ಚಿಕ್ಕ ಹುಡುಗರು ಕೇಳುವ ಹಾಗೆ.

ನಾನು ಬಾಗಿಲ ಕಡೆ ಹಿಂದೆ ಹಿಂದೆ ಸರಿಯುತ್ತಿದ್ದೆ. ಇಲ್ಲ ಇಲ್ಲ, ನಾನೇ ಕಟ್ಟಿ ಹೇಳಿದೆ ಎನ್ನಲು ಬಾಯಿ ತೆರೆದೆ. ಸ್ವರ್ಣಲತಾ ಕೈ ಎತ್ತಿ ನನ್ನನ್ನು ಸುಮ್ಮನಾಗಿಸಿದಳು. ಮಗುವನ್ನು ಟವೆಲ್ಲಿನಲ್ಲಿ ಸುತ್ತಿ ಸೊಸೆಯ ಕೈಗೆ ಕೊಟ್ಟಳು, ಮೆತ್ತಗೆ, ತಲೆಗೆ ಕೈ ಕೊಟ್ಟು.

‘ಹೌದು. ಅಂದಿದ್ದೆ,’ ಅಂದಳು. ‘ನಿಂದೂ ತಪ್ಪಿಲ್ಲ ಹರ್ಷಿ. ನಿಮ್ಮಿಬ್ಬರಿಗೂ ನಾನು ಎದುರಿಗೆ ಹೇಳ್ಬೇಕಿತ್ತು. ಹೇಳಕ್ಕೆ ಧೈರ್ಯ ಬರ್ಲಿಲ್ಲ. ಮಂಜೂರಿ ಬಂತು ಅಂತ ಇವಳು ಮೆಸೇಜ್ ಮಾಡಿದ ದಿನವೇ ಫೋನ್ ಆಫ್ ಮಾಡಿಟ್ಟೆ. ಕೆಟ್ಟಿರಲಿಲ್ಲ ಅದು.’

ಅವಳೂ ಹೆದರುಪುಕ್ಕಲಿಯೇ! ಇಷ್ಟು ವರ್ಷ ನಾನು ಯಾರ ಧೈರ್ಯವನ್ನು ನೆಚ್ಚಿಕೊಂಡು ಬೆಡ್‌ಶೀಟು, ಬೀಗ, ಚೈನು ಖರೀದಿಸಿಟ್ಟಿದ್ದೆನೋ, ಅವಳ ಹತ್ತಿರವೂ ಅದು ಇರಲಿಲ್ಲ. ಇದ್ದದ್ದು ಠಾಣೆಯಿಂದ ಕೋಪರಖೈರಣೆಯ ತನಕ ಮಾತ್ರ.

‘ಹೋಗಬೇಡ ಅಂತ ನಾವು ಯಾವಾಗ ಅಂದ್ವಿ?’ ಅಂದ ಅಭಯ್. ‘ಕೇಳಿದ್ದೀಯಾ ಒಂದು ಸಲ?’

‘ಈಗ ಕೇಳ್ತಿಲ್ಲ, ಹೇಳ್ತಿದ್ದೀನಿ. ಹೋಗ್ತೀನಿ. ಕ್ರೆಶ್ ನೋಡ್ಕೊಳ್ಳಿ.’

ಒಳಗೆ ಹೋಗಿ ಸೀರೆ ಉಟ್ಟು ಬಂದಳು. ಕಪಾಟಿನಿಂದ ಫೋನ್ ತೆಗೆದು ಆನ್ ಮಾಡಿದ್ದೇ ನನ್ನ ಒಂದು ವಾರದ ಮೆಸೇಜುಗಳೆಲ್ಲ ಟಿಣ್ ಟಿಣ್ ಎನ್ನುತ್ತ ಬೀಳತೊಡಗಿದವು. ಎಲ್ಲಿದ್ದೀ, ಜೀವಂತ ಇದ್ದೀಯೇನು, ದೇವರಾಣೆ ಒಂದು ಫೋನ್ ಮಾಡು. ಅವಳು ಓದಲಿಲ್ಲ, ಪರ್ಸಿಗೆ ಹಾಕಿಕೊಂಡಳು. ಹರ್ಷಿತಾ ಮಗುವನ್ನು ಎತ್ತಿಕೊಂಡು ಬಾಗಿಲ ತನಕ ಬಂದಳು. ‘ಅತ್ತೆ, ಆಧಾರ್ ತಗೊಂಡ್ರಾ?’ ಎಂದು ಕೇಳಿದಳು. ಅದು ಸಿಟ್ಟೋ, ಕಾಳಜಿಯೋ, ನನಗೆ ತಿಳಿಯಲಿಲ್ಲ. ನನ್ನ ಕಡೆ ಮಾತ್ರ ಆ ಹುಡುಗಿ ನೋಡಲೇ ಇಲ್ಲ.

ಭಾನುವಾರ ಮಧ್ಯಾಹ್ನದ ತನಕ ಸ್ಟೇಷನ್ನಿನ ರಿಸರ್ವೇಶನ್ ಕೌಂಟರು ತೆರೆದಿರುತ್ತದೆ. ರಿಕ್ಷಾದಲ್ಲಿ ನಾನೊಬ್ಬಳೇ ಮಾತಾಡಿದೆ, ಹೆದರಿದಾಗ ನನ್ನ ಬಾಯಿ ನಿಲ್ಲುವುದಿಲ್ಲ. ಲೋವರ್ ಬರ್ತ್ ಕೇಳೋಣ ಅಂದೆ. ಅಮೃತಸರದಲ್ಲಿ ಚಳಿ ಇರುತ್ತದೆ, ಸ್ವೆಟರ್ ಒಂದು ಸಾಲದು ಅಂದೆ. ಬೇಕಿದ್ದರೆ ವಿಜಯಪುರ ಸೇರಿಸೋಣ, ಮತ್ತೊಮ್ಮೆ ಅರ್ಜಿ ಹಾಕುತ್ತೇನೆ ಅಂದೆ. ಅವಳು ಹೊರಗಡೆ ನೋಡುತ್ತಿದ್ದಳು. ಸಾಲಿನಲ್ಲಿ ನನ್ನ ಹಿಂದೆಯೇ ನಿಂತಳು, ನಾನು ತಿರುಗಿ ನೋಡಿದಾಗಲೆಲ್ಲ ನನ್ನ ಭುಜದ ಆಚೆ ಬೋರ್ಡನ್ನು ಓದುತ್ತಿದ್ದಳು.

‘ದೋನ್ ಜಣ್?’ ಇಬ್ಬರೇನು ಎಂದು ಕೇಳಿದ ಕೌಂಟರಿನವನು.

‘ಹೋ, ದೋಘೀ,’ ಅಂದಳು ಸ್ವರ್ಣಲತಾ ನನ್ನ ಬೆನ್ನ ಹಿಂದಿನಿಂದ, ಹೌದು, ಇಬ್ಬರೂ ಎಂದು. ದನಿ ಗಟ್ಟಿಯಾಗಿತ್ತು. ನನಗೆ ಅಳುವೇ ಬಂತು, ಸಂತೋಷಕ್ಕೆ.

ಟಿಕೆಟ್ ಕೈಗೆ ಬಂತು. ಕಲ್ಯಾಣದಿಂದ ಕಲ್ಯಾಣ. ಎರಡೂ ಲೋವರ್ ಬರ್ತ್, ಎದುರುಬದುರು. ನಾನು ಅದನ್ನು ಹಣೆಗೆ ಒತ್ತಿಕೊಂಡು ಹೊರಗೆ ಬಂದು ಬೆಂಚಿನ ಮೇಲೆ ಕುಸಿದೆ. ಅವಳೂ ಕೂತಳು. ಬ್ರಿಡ್ಜಿನ ಮೇಲೆ ಜನ ಹರಿಯುತ್ತಿದ್ದರು, ಭಾನುವಾರವೂ ಈ ಊರಿಗೆ ಪುರುಸೊತ್ತಿಲ್ಲ.

‘ತಪ್ಪಾತು ನಂದು,’ ಅಂದೆ. ‘ಸಿಟ್ಟಿನಾಗ ಬಾಯಿಗೆ ಬಂದದ್ದು ಅಂದುಬಿಟ್ಟೆ. ನೀ ಸತ್ತೀದಿ ಅಂತ ತಿಳದು ನಾ ಸತ್ತಿದ್ನಿ ನೋಡವ್ವಾ.’

‘ಗೊತ್ತು ಕಣೇ.’ ಅವಳು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. ‘ಒಳ್ಳೇದೇ ಆಯ್ತು ಬಿಡು. ನೀನು ಬಾಯ್ಬಿಡದಿದ್ರೆ ನಾನು ಹೊರಡ್ತಾನೇ ಇರ್ಲಿಲ್ಲ.’

ಅಬ್ಬಾ, ಮುಗಿಯಿತಲ್ಲ ಅಂದುಕೊಂಡೆ. ಕೈ ಹಿಡಿಯಲು ಹೋದೆ. ಅವಳು ಹಿಡಿಸಿಕೊಂಡಳು, ಆದರೆ ಕೈಯಲ್ಲಿ ಬಿಸಿ ಇರಲಿಲ್ಲ.

‘ನಿನ್ಹತ್ರ ಅಷ್ಟೆಲ್ಲಾ ಹೇಳ್ತಿದ್ದೆ ಯಾಕೆ ಗೊತ್ತಾ ಶೈಲಾ?’ ಅಂದಳು. ಸಿಟ್ಟೇನೂ ಇರಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ‘ನಿನಗೆ ನನ್ನ ಮನೆ ಬಾಗಿಲು ಗೊತ್ತಿಲ್ಲ ಅಂತ. ಈಗ ಗೊತ್ತಾಯ್ತು. ಹರ್ಷಿನ್ನೂ ನೋಡ್ದೆ, ಅಭೀನೂ ನೋಡ್ದೆ. ಇನ್ಮೇಲೆ ಯಾರ ಹತ್ರ ಹೇಳ್ಲಿ ನಾನು?’

ನಾನು ಟಿಕೆಟ್ಟನ್ನು ಬ್ಯಾಗಿಗೆ ಹಾಕಿ ಚೈನು ಎಳೆದೆ. ಅವಳು ಎದ್ದಳು, ಮಗುವಿಗೆ ಸ್ನಾನ ಆಗಿಲ್ಲ ಅಂದಳು, ನಾಳೆ ಗಾಡಿಗೆ ಬರುತ್ತೇನೆ ಎಂದೂ ಹೇಳಿದಳು, ಬ್ರಿಡ್ಜಿನ ಜನರಲ್ಲಿ ಸೇರಿಹೋದಳು.

ಮರುದಿನ ಬಂದಳು. ಠಾಣೆಯಲ್ಲಿ ನನಗಾಗಿ ಕಿಟಕಿಯ ಸೀಟು ಹಿಡಿದಿದ್ದಳು. ಎದುರುಬದುರು ಕೂತೆವು. ಮಗು ಹೇಗಿದೆ ಎಂದು ಕೇಳಿದೆ, ಚೆನ್ನಾಗಿದೆ ಅಂದಳು. ಕ್ರೆಶ್ ಸಿಕ್ಕಿತೇ ಅಂದೆ, ನೋಡುತ್ತಿದ್ದಾರೆ ಅಂದಳು. ಐರೋಲಿ ಹೋಯಿತು, ರಬಾಳೆ ಹೋಯಿತು. ಅವಳು ಮೊಬೈಲು ತೆಗೆದು ನೋಡತೊಡಗಿದಳು, ನಾನು ಕಿಟಕಿಯ ಹೊರಗೆ ನೋಡಿದೆ. ದೇಶವನ್ನೆಲ್ಲ ಸುತ್ತಬೇಕು, ಹಗಲೂ ರಾತ್ರಿ ಇವಳ ಎದುರಿನ ಬರ್ತಿನಲ್ಲೇ ಇರಬೇಕು. ನನಗೆ ಇಲ್ಲಿಂದ ಘಣಸೋಲಿಯ ತನಕ ಆಡಲಿಕ್ಕೂ ಮಾತು ಸಿಗುತ್ತಿರಲಿಲ್ಲ.